5882353ರ ಬೆನ್ನಿಗೆ ನಿಂತ ಹದಿನೇಳು

ಪ್ರಶ್ನೆ: ಒಂಬತ್ತನೇ ತರಗತಿಯ ನನ್ನ ಮಗಳು ಶಾಲೆಯಿಂದ ಒಂದು ಸಂಖ್ಯೆ ಹಿಡಿದುಕೊಂಡು ಬಂದಿದ್ದಾಳೆ: 5882353. ಇದನ್ನು 588, 2353 ಎಂದು ಎರಡು ತುಂಡು ಮಾಡಿ, ಎರಡರ ವರ್ಗ ಕೂಡಿಸಿದರೆ ಮತ್ತೆ ಅದೇ ಸಂಖ್ಯೆ! ಕ್ಯಾಲ್ಕುಲೇಟರಿನಲ್ಲಿ ನೋಡಿದೆ, ನಿಜ. ಇದು ಕಾಕತಾಳೀಯವೋ, ಕಾರಣ ಉಂಟೋ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕಾರಣ ಉಂಟು. ಒಂಬತ್ತನೇ ತರಗತಿಯವಳಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಬೆಳಗಿನ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿದರೆ ಥಾಣೆ ಬರುವಷ್ಟರಲ್ಲಿ ಮುಗಿಯುವ ಲೆಕ್ಕ.

ಮೊದಲು ಎರಡು ಸಂಗತಿ ಗಮನಿಸಿ. 588ರ ನಾಲ್ಕು ಪಟ್ಟು 2352. ಅದಕ್ಕೆ ಒಂದು ಸೇರಿಸಿದರೆ 2353. ಇನ್ನು 2353ರ ನಾಲ್ಕು ಪಟ್ಟಿಗೆ 588 ಸೇರಿಸಿ: 9412 + 588, ಸರಿಯಾಗಿ ಹತ್ತು ಸಾವಿರ.

ನಮ್ಮ ಸಂಖ್ಯೆ ಎಂದರೆ 588 × 10000, ಅದರ ಮೇಲೆ 2353. ಆ 10000ದ ಜಾಗದಲ್ಲಿ (588 + 4 × 2353) ಎಂದು ಬರೆಯಿರಿ. ಗುಣಿಸಿದರೆ 588ರ ವರ್ಗ ಒಂದು ಕಡೆ ಬಂದು ನಿಲ್ಲುತ್ತದೆ. ಉಳಿದದ್ದು 2352 × 2353 ಮತ್ತು ಬಿಡಿಯಾಗಿದ್ದ ಒಂದು 2353. ಅಂದರೆ 2353 ಒಟ್ಟು 2353 ಸಲ. ಅದೇ ಎರಡನೆಯ ವರ್ಗ! ಎಷ್ಟು ವರ್ಷ ಪಾಠ ಹೇಳಿದರೂ ಆ ಬಿಡಿ 2353 ಬಂದು ಲೆಕ್ಕ ತುಂಬುವ ಕ್ಷಣ ನನಗೆ ಇನ್ನೂ ಹಳತಾಗಿಲ್ಲ.

ಆ ಎರಡು ಸಂಗತಿಗಳ ಮೂಲ ಹದಿನೇಳರಲ್ಲಿದೆ. 17 × 5882353 = 100000001, ಹತ್ತು ಕೋಟಿ ಒಂದು. 10000ದಲ್ಲಿ 4 ಕಳೆದು ಬರುವ 9996ನ್ನು 17ರಿಂದ ಭಾಗಿಸಿದರೆ 588, 10000ದ ನಾಲ್ಕು ಪಟ್ಟಿಗೆ 1 ಸೇರಿಸಿ ಬರುವ 40001ನ್ನು ಭಾಗಿಸಿದರೆ 2353. ಹದಿನೇಳು ಎಂದರೆ 1ರ ಮತ್ತು 4ರ ವರ್ಗಗಳ ಮೊತ್ತ. ಹತ್ತು ಕೋಟಿ ಒಂದು ಎಂದರೆ 10000ದ ಮತ್ತು 1ರ ವರ್ಗಗಳ ಮೊತ್ತ. ಇಂಥ ಎರಡು ಮೊತ್ತಗಳನ್ನು ಗುಣಿಸಿದರೆ ಅದೂ ಎರಡು ವರ್ಗಗಳ ಮೊತ್ತವೇ ಆಗುತ್ತದೆ. ಬ್ರಹ್ಮಗುಪ್ತ 628ರಲ್ಲಿ ಕೊಟ್ಟ ಸೂತ್ರದಲ್ಲಿಯೇ ಈ ಮಾತು ಅಡಕವಾಗಿದೆ. ಇಲ್ಲಿ ಅದನ್ನು ತಿರುಗಿಸಿ, ಭಾಗಾಕಾರಕ್ಕೆ ಹಚ್ಚಿದ್ದೇವೆ, ಅಷ್ಟೇ.

ಇನ್ನೊಂದು ಮಾತು. 5882353 ಅವಿಭಾಜ್ಯ ಸಂಖ್ಯೆ. ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಇಂಥ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಒಂದೇ ಒಂದು ದಾರಿ. ನಿಮ್ಮ ಮಗಳು ತಂದದ್ದು ಆ ಒಂದೇ ದಾರಿಯನ್ನು.

‘ಇಂಥ ಆಟದಿಂದ ಪರೀಕ್ಷೆಗೇನು ಲಾಭ’ ಎಂದು ದಯವಿಟ್ಟು ಅವಳಿಗೆ ಹೇಳಬೇಡಿ. ಡಹಾಣೂವಿನಲ್ಲಿ ಹುಟ್ಟಿ, ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ, ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಕಾಪ್ರೇಕರ್ ಸಂಖ್ಯೆಗಳನ್ನು ಹೀಗೆ ಮುರಿದು ಕೂಡಿಸುತ್ತಲೇ ಬದುಕು ಕಳೆದರು. 6174 ಎಂಬ ಸಂಖ್ಯೆ ಇಂದಿಗೂ ‘ಕಾಪ್ರೇಕರ್ ಸ್ಥಿರಾಂಕ’ ಎಂದು ಅವರ ಹೆಸರಿನಲ್ಲೇ ಇದೆ.

ಈಗ ಅವಳಿಗೊಂದು ಕೆಲಸ. ಹತ್ತು ಸಾವಿರದಲ್ಲಿ 588 ಕಳೆದರೆ 9412. ಅದನ್ನು 588ರ ಜಾಗದಲ್ಲಿಟ್ಟು 94122353 ಎಂದು ಬರೆಯಲಿ. ಇದೂ ಹಾಗೆಯೇ ಒಡೆದು ಕೂಡುತ್ತದೆ. 1233, 8833 ಇವೆರಡೂ ಇಂಥದೇ ಚಿಕ್ಕ ಜೋಡಿ. ಯಾಕೆ ಹೀಗೆ ಎಂದು ಹುಡುಕಿ ನಮಗೆ ಬರೆಯಲಿ, ಕಾಯುತ್ತಿರುತ್ತೇನೆ.