ಹಳೇ ಅಲಾಯ್ ವೀಲನ್ನು ಮನೆಯಲ್ಲೇ ಕನ್ನಡಿಯಂತೆ ಹೊಳೆಸಬಹುದಾ?

ಹನ್ನೆರಡು ವರ್ಷದ ಕಾರು, ಮೆಟಲ್ ಪಾಲಿಶ್ ಹಾಕಿ ಎಷ್ಟು ತಿಕ್ಕಿದರೂ ಅಲಾಯ್ ವೀಲ್ (ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರ) ಮಂಕಾಗಿಯೇ ಇದೆ ಎಂದಿದ್ದೀರಿ. ತಿಕ್ಕಿದ ಬಟ್ಟೆ ಕಪ್ಪಾಯಿತಾ? ಅದನ್ನು ಮೊದಲು ನೋಡಿ.

ನಾನೂ ಹುಬ್ಬಳ್ಳಿಯಲ್ಲಿ ಎರಡು ಭಾನುವಾರ ಹೀಗೇ ತಿಕ್ಕಿ ಕೈ ನೋಯಿಸಿಕೊಂಡವನು. ಕೊನೆಗೆ ಸ್ಟೆಪ್ನಿಯನ್ನು ಹಿತ್ತಾಳೆ ಪಾತ್ರೆಗೆ ಬಫಿಂಗ್ ಮಾಡುವ, ಅಂದರೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ಕೊಡುವವರೊಬ್ಬರ ಹತ್ತಿರ ಒಯ್ದೆ. (ನನ್ನ ಕಾರಿಗೆ ಸ್ಟೆಪ್ನಿಯೂ ಅಲಾಯ್.) ಅವರು ಉಗುರಿನಿಂದ ಕೆರೆದು ನೋಡಿ, "ಅರಿವಿ ಕಪ್ಪಾಗಿಲ್ಲಂದ್ರ ನೀವು ಅಲ್ಯೂಮಿನಿಯಂ ಮುಟ್ಟೇ ಇಲ್ರಿ. ಮ್ಯಾಲಿನ ವಾರ್ನಿಶ್ ತಿಕ್ಕಾಕತ್ತೀರಿ" ಎಂದು ನಕ್ಕರು.

ವಿಷಯ ಅದೇ. ಕಂಪನಿಯಿಂದ ಬರುವ ಬಹುಪಾಲು ಅಲಾಯ್ ಮೇಲೆ ಪಾರದರ್ಶಕ ಲ್ಯಾಕರ್ ಇರುತ್ತದೆ. ಅದರ ಕೆಳಗೆ ಬೆಳ್ಳಿ ಬಣ್ಣವೋ, ಲೇತ್‌ನಲ್ಲಿ ಕಡೆದ ಲೋಹವೋ ಇರುತ್ತದೆ. ಕಲ್ಲು ಬಡಿದು ಲ್ಯಾಕರ್ ಸೀಳಿದರೆ ನೀರು ಒಳಗೆ ಸೇರಿ ಹುಳ ಹರಿದಂತೆ ಬಿಳಿ ಗೆರೆ ಮೂಡುತ್ತದೆ. ಇದಕ್ಕೆ ಪಾಲಿಶ್ ಏನೂ ಮಾಡಲಾರದು. ಪೇಂಟ್ ರಿಮೂವರ್ ಹಚ್ಚಿ ಲ್ಯಾಕರ್, ಬಣ್ಣ ಎಲ್ಲ ತೆಗೆಯಬೇಕು. ಕೈಗವಸು ಬೇಕೇ ಬೇಕು, ಟೈರಿಗೆ ತಾಗಬಾರದು. ಕ್ರೋಮ್ ಲೇಪನದ ವೀಲ್ ಆದರೆ ಇಲ್ಲಿಗೇ ನಿಲ್ಲಿಸಿ. ಅದನ್ನು ಉಜ್ಜಿದರೆ ಹಾಳು.

ಆಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ. ಹೊಳಪು ಹುಟ್ಟುವುದೇ ಇಲ್ಲಿ, ಡಬ್ಬಿಯ ಪಾಲಿಶ್‌ನಲ್ಲಿ ಅಲ್ಲ. 400, 600, 800, 1000, 1500, 2000, ಇದೇ ಕ್ರಮ; ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು. ಸೋಪಿನ ನೀರಲ್ಲಿ ನೆನೆಸಿ ಉಜ್ಜಿ. ನಂಬರ್ ಬದಲಾದಾಗಲೆಲ್ಲ ಉಜ್ಜುವ ದಿಕ್ಕು ಅಡ್ಡ ಮಾಡಿ. ಹಿಂದಿನ ಗೆರೆ ಪೂರ್ತಿ ಹೋಯಿತೋ ಇಲ್ಲವೋ ಆಗ ಕಾಣುತ್ತದೆ. ನಾನು ಅವಸರದಲ್ಲಿ 400 ಆದಮೇಲೆ ಸೀದಾ 1000 ಹಿಡಿದೆ. ಮನೆಯೊಳಗೆ ಚೆನ್ನಾಗೇ ಕಂಡಿತು. ಸಂಜೆ ಬಿಸಿಲಿಗೆ ಹಿಡಿದರೆ ಬೆಕ್ಕು ಪರಚಿದ ಹಾಗೆ! ಮತ್ತೆ 600ರಿಂದ ಶುರು. ಒಂದು ವೀಲಿಗೆ ಒಂದು ಇಡೀ ದಿನ ಹೋಯಿತು.

ಕೊನೆಗೆ ಡ್ರಿಲ್‌ಗೆ ಕಾಟನ್ ಬಫ್ (ಬಟ್ಟೆಯ ಚಕ್ರ) ಸಿಕ್ಕಿಸಿ, ಮೊದಲು ಕಂದು ಬಫಿಂಗ್ ಸೋಪು (ಬಫ್‌ಗೆ ಹಚ್ಚುವ ಗಟ್ಟಿ ಪಾಲಿಶ್), ಆಮೇಲೆ ಬಿಳಿಯದು. ಎರಡಕ್ಕೂ ಬೇರೆ ಬೇರೆ ಬಫ್ ಇರಲಿ. ಜಾಸ್ತಿ ಒತ್ತಬೇಡಿ, ಬಿಸಿಯಾಗಿ ಸೋಪು ಮೆತ್ತಿಕೊಳ್ಳುತ್ತದೆ. ಮಾಸ್ಕ್ ಹಾಕಿಕೊಳ್ಳಿ. ನಟ್ ಕೂರುವ ಜಾಗ, ಹಬ್‌ಗೆ (ವೀಲ್ ಕೂರಿಸುವ ಕಾರಿನ ಭಾಗಕ್ಕೆ) ತಾಗುವ ಹಿಂಭಾಗ ಮುಟ್ಟಬೇಡಿ. ಬಿರುಕು ಕಂಡರೆ ಆ ವೀಲನ್ನು ಓಡಿಸಲೇಬೇಡಿ. ಎರಕದ ವೀಲಿನಲ್ಲಿ ಸೂಜಿಮೊನೆಯಂಥ ತೂತುಗಳು ಕಾಣಬಹುದು. ಅವು ಎರಕದಲ್ಲೇ ಇರುವಂಥವು, ಉಜ್ಜುತ್ತಾ ಹೋದರೆ ಹೊಸವು ಹೊರಬರುತ್ತವೆ ಅಷ್ಟೇ.

ಕ್ಷಾರದ ಕ್ಲೀನರ್, ಆಸಿಡ್ ಎರಡೂ ಬೇಡ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಕುದಿಸಿದರೆ ಕಪ್ಪಾಗುತ್ತದಲ್ವಾ, ಹಾಗೇ ಇದೂ.

ಇಷ್ಟೆಲ್ಲ ಮಾಡಿದ ಮೇಲೂ ಬರಿಯ ಲೋಹ ಗಾಳಿಗೆ ಮಂಕಾಗುತ್ತದೆ. ಮೇಲೆ ಮತ್ತೆ ಲ್ಯಾಕರ್ ಹೊಡೆದರೆ ಕನ್ನಡಿಯ ಹೊಳಪು ಸ್ವಲ್ಪ ಇಳಿಯುತ್ತದೆ, ನುಣುಪಿನ ಮೇಲೆ ಅದು ಸರಿಯಾಗಿ ಹಿಡಿಯುವುದೂ ಇಲ್ಲ. ವ್ಯಾಕ್ಸ್ ಹಚ್ಚುತ್ತಾ ಇರಬೇಕು. ಧಾರವಾಡದ ಮಳೆಯಲ್ಲಿ ದಿನಾ ಓಡುವ ಕಾರಾದರೆ ಸುಮ್ನೆ ಬೆಳ್ಳಿ ಬಣ್ಣ ಹೊಡೆಸಿ ಎನ್ನುತ್ತೇನೆ. ನಾನು ಸ್ಟೆಪ್ನಿಯ ಜೊತೆಗೆ ಓಡುವ ನಾಲ್ಕನ್ನೂ ಹೊಳೆಸಿದ್ದೆ. ಒಂದು ಮಳೆಗಾಲ ಕಳೆಯಿತು. ಈಗ ಮುಖ ಕಾಣುವಂತಿರುವುದು ಡಿಕ್ಕಿಯಲ್ಲಿರುವ ಸ್ಟೆಪ್ನಿ ಮಾತ್ರ.