ಏಪ್ರನ್ ತೊಟ್ಟರೂ ಬೆರಳಿಗೆ ವಿಕಿರಣ

ಪ್ರಶ್ನೆ: ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ನರ್ಸ್. ಅಯೋಡಿನ್-131, ಲುಟೀಷಿಯಂ-177 ಎಂಬ ವಿಕಿರಣ ಸೂಸುವ ಔಷಧಗಳ ಚಿಕಿತ್ಸೆ ಕೊಡುವಾಗ ಸೀಸದ ಏಪ್ರನ್ ಹಾಕಿಕೊಳ್ಳುತ್ತೇವೆ. ಆದರೂ ಬೆರಳಿನ ಉಂಗುರ ಡೋಸಿಮೀಟರ್‌ನಲ್ಲಿ (ವಿಕಿರಣ ಅಳೆಯುವ ಸಾಧನ) ಎದೆಯ ಬ್ಯಾಡ್ಜ್‌ಗಿಂತ ಬಹಳ ಹೆಚ್ಚು ಬರುತ್ತಿದೆ. ಏಕೆ?

ಉತ್ತರ: ಔಷಧದಿಂದ ದೂರ ಇಮ್ಮಡಿಯಾದರೆ ಡೋಸ್, ಅಂದರೆ ಮೈಗೆ ತಾಗುವ ವಿಕಿರಣ, ಕಾಲುಭಾಗಕ್ಕೆ ಇಳಿಯುತ್ತದೆ. ಔಷಧದ ಸೀಸೆಯನ್ನು ಬೆರಳಿನಿಂದಲೇ ಹಿಡಿದರೆ ದೂರ ಎಂಬುದೇ ಉಳಿಯುವುದಿಲ್ಲ. ಉಂಗುರ ಹೇಳುವುದೂ ಪೂರ್ತಿ ಲೆಕ್ಕವಲ್ಲ. ಬೆರಳ ತುದಿಗೆ ಬಿದ್ದದ್ದು ಅದರ ಸುಮಾರು ಆರು ಪಟ್ಟು ಇರಬಹುದು. ಉಂಗುರವನ್ನು ಗ್ಲೌಸ್ ಒಳಗೆ, ತೋರುಬೆರಳ ಬುಡದಲ್ಲಿ, ಅಳೆಯುವ ಭಾಗ ಅಂಗೈ ಕಡೆ ಬರುವಂತೆ ತೊಡಿ. ಕೈಗಳಿಗೆ ವರ್ಷದ ಮಿತಿ 500 ಮಿಲಿಸೀವರ್ಟ್ (ವಿಕಿರಣ ಡೋಸ್‌ನ ಅಳತೆ).

ಏಪ್ರನ್ ಮೇಲೆ ಅತಿಯಾದ ನಂಬಿಕೆ ಬೇಡ. ಅರ್ಧ ಮಿಲಿಮೀಟರ್ ಸೀಸ ಎಕ್ಸ್‌ರೇಗೆ ಸರಿ. ಅಯೋಡಿನ್-131ರ 364 ಕಿಲೋಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಗಾಮಾ ಕಿರಣಗಳ ಬಹುಪಾಲು ಅದನ್ನು ದಾಟಿ ಬರುತ್ತದೆ. ಭಾರ ಹೊತ್ತು ಕೆಲಸ ನಿಧಾನವಾದರೆ, ವಿಕಿರಣದ ಬಳಿ ಹೆಚ್ಚು ಹೊತ್ತು ಇರಬೇಕಾಗಿ ನಷ್ಟವೇ. ಗಾಲಿಯ ಮೇಲಿನ ದಪ್ಪ ಸೀಸದ ಪರದೆಯ ಹಿಂದೆ ನಿಲ್ಲಿ.

ಡೋಸ್ ನಿಜವಾಗಿ ತಗ್ಗುವುದು ಪಾತ್ರೆಯ ಮುಚ್ಚಳ ತೆಗೆಯುವ ಮೊದಲೇ. ಒಪ್ಪಿಗೆ ಪತ್ರ, ವಿವರಣೆ, ರೋಗಿಯ ಶೌಚ ಎಲ್ಲವನ್ನೂ ಮುಗಿಸಿಬಿಡಿ. ಕ್ಯಾನುಲಾದಲ್ಲಿ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಸಲೈನ್ ಸರಾಗವಾಗಿ ಹೋಗುತ್ತಿದೆಯೇ ನೋಡಿ: ಅರ್ಧದಲ್ಲಿ ಅದು ಕಟ್ಟಿಕೊಂಡರೆ, ಔಷಧ ತುಂಬಿದ ಟ್ಯೂಬ್ ಮೇಲೆ ಬಗ್ಗಿ ನಿಮಿಷಗಟ್ಟಲೆ ಒದ್ದಾಡಬೇಕಾಗುತ್ತದೆ. ಲುಟೀಷಿಯಂ ಅನ್ನು ಸಿರಿಂಜ್‌ಗೆ ಎಳೆಯದೆ, ಶೀಲ್ಡ್‌ನೊಳಗಿನ ಸೀಸೆಯಿಂದಲೇ ಸಲೈನ್ ಡ್ರಿಪ್ ಮೂಲಕ ಹರಿಸುವುದು ಕೈಗೆ ಒಳ್ಳೆಯದು. ಸಿರಿಂಜ್ ಬಳಸಲೇಬೇಕಾದರೆ ಟಂಗ್‌ಸ್ಟನ್ ಶೀಲ್ಡ್ ಇರಲಿ. ಸೀಸೆಗೆ ಉದ್ದನೆಯ ಇಕ್ಕಳ. ಹೊಸಬರು ಇಡೀ ಕ್ರಮವನ್ನು ಬರೀ ಸಲೈನ್‌ನಲ್ಲಿ ಕೈಗೆ ಒಗ್ಗುವವರೆಗೆ ಅಭ್ಯಾಸ ಮಾಡಲಿ.

ಅಯೋಡಿನ್ ಆವಿಯಾಗುತ್ತದೆ. ದ್ರವಕ್ಕಿಂತ ಕ್ಯಾಪ್ಸೂಲ್ ಲೇಸು. ದ್ರವದ ಸೀಸೆಯನ್ನು ಫ್ಯೂಮ್ ಹುಡ್‌ನಲ್ಲೇ (ಆವಿಯನ್ನು ಹೀರಿ ಹೊರಹಾಕುವ ಪೆಟ್ಟಿಗೆ) ತೆರೆಯಬೇಕು, ಸಿಬ್ಬಂದಿಯ ಥೈರಾಯ್ಡ್‌ನಲ್ಲಿ ಸೇರಿದ ಅಯೋಡಿನ್ ಅನ್ನು ಆಗಾಗ ಅಳೆಯಬೇಕು. ಎರಡು ಜೊತೆ ಗ್ಲೌಸ್ ಹಾಕಿ, ಹೊರಗಿನದನ್ನು ಔಷಧ ಮುಟ್ಟಿದ ಪ್ರತಿ ಸಲವೂ ಬದಲಿಸಿ. ಗ್ಲೌಸ್ ಮೇಲೆ ಕಾಣದೆ ಉಳಿದ ಒಂದು ಹನಿಯ ಬೀಟಾ ಕಣಗಳು ಚರ್ಮಕ್ಕೆ ನೇರ ತಾಗುತ್ತವೆ. ಉಂಗುರದ ರೀಡಿಂಗ್ ಒಮ್ಮೆಲೇ ಏರಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಪ್ರಶ್ನೆ: ಗರ್ಭಿಣಿ ಸಹೋದ್ಯೋಗಿ ಈ ಕೆಲಸ ಮುಂದುವರಿಸಬಹುದೇ?

ಉತ್ತರ: ತಿಳಿದ ಕೂಡಲೇ ವಿಕಿರಣ ಸುರಕ್ಷತಾ ಅಧಿಕಾರಿಗೆ ತಿಳಿಸಲಿ. ಅಲ್ಲಿಂದ ಹೆರಿಗೆಯವರೆಗೆ ಭ್ರೂಣಕ್ಕೆ ಸುಮಾರು 1 ಮಿಲಿಸೀವರ್ಟ್ ಮೀರಬಾರದು. ಅಯೋಡಿನ್ ಕೊಡುವುದು, ಆ ರೋಗಿಗಳ ಆರೈಕೆ, ಚೆಲ್ಲಿದ್ದನ್ನು ಒರೆಸುವುದು ಆಕೆಯ ಪಾಲಿಗೆ ಬೇಡ. ಹಾಲೂಡಿಸುವ ತಾಯಿಗೂ ಇದೇ ಎಚ್ಚರ: ದೇಹ ಸೇರಿದ ಅಯೋಡಿನ್ ಎದೆಹಾಲಿಗೂ ಇಳಿಯುತ್ತದೆ.