ಹಾಳೆಯಲ್ಲಿ ದಕ್ಷಿಣ ಕನ್ನಡ, ತೋಟ ಇರುವುದು ಕಾಸರಗೋಡಿನಲ್ಲಿ

ಅಜ್ಜನ ತೋಟ ಹುಡುಕುತ್ತಿದ್ದೇನೆ, ಅವರ ಹಳೆ ಕಾಗದದಲ್ಲಿ 'ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು' ಅಂತ ಇದೆ, ಮಂಗಳೂರಿನಲ್ಲಿ ಕೇಳಿದರೆ ಆ ಸರ್ವೆ ನಂಬರೇ ಇಲ್ಲ ಅನ್ನುತ್ತಾರೆ ಅಂದಿರಿ. ಇರುವುದಿಲ್ಲ ಮಾರಾಯ್ರೆ. ನಮ್ಮ ಕಾಸರಗೋಡು ತಾಲೂಕು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡದವರು. ಆಮೇಲೆ ಕಣ್ಣೂರು ಜಿಲ್ಲೆಯವರಾದೆವು. 1984ರಲ್ಲಿ ಕಾಸರಗೋಡೇ ಜಿಲ್ಲೆಯಾಯಿತು. ಈಗ ಮಂಜೇಶ್ವರ ಬೇರೆ ತಾಲೂಕು, ನಿಮ್ಮ ಗ್ರಾಮ ಅದರೊಳಗೂ ಇರಬಹುದು.

ಹಾಗಾಗಿ ಕರ್ನಾಟಕದ ಪಹಣಿ ಹುಡುಕಿ ಪ್ರಯೋಜನವಿಲ್ಲ. ಇಲ್ಲಿ ವಿಲೇಜ್ ಆಫೀಸಿಗೆ ಹೋಗಬೇಕು. ತೀರ್ವೆ, ಅಂದರೆ ಜಾಗದ ತೆರಿಗೆ ಕಟ್ಟುವವರ ಲೆಕ್ಕ ಅಲ್ಲಿ ತಂಡಪೇರ್ ನಂಬರಿನ (ಜಾಗದವರ ಹೆಸರಿನ ಖಾತೆ ನಂಬರು) ಮೇಲೆ ನಡೆಯುತ್ತದೆ. ರೀಸರ್ವೆ, ಅಂದರೆ ಮರು ಅಳತೆ ಆದ ಗ್ರಾಮವಾದರೆ ಹಳೆ ನಂಬರಿಗೆ ಹೊಸದು ಯಾವುದು ಅಂತ ಮೊದಲು ಕೇಳಿ. ಅರ್ಜಿ ಕನ್ನಡದಲ್ಲೇ ಬರೆಯಿರಿ, ಇಲ್ಲಿನ ಕನ್ನಡಿಗರಿಗೆ ಆ ಹಕ್ಕಿದೆ. ಉತ್ತರ ಮಲಯಾಳದಲ್ಲಿ ಬಂದರೆ ಬೇಸರಿಸಬೇಡಿ, ನಮಗೂ ಎಷ್ಟೋ ಸಲ ಹಾಗೇ ಬರುತ್ತದೆ!

ಜಾಸ್ತಿ ಗಮನ ಕೊಡಬೇಕಾದ್ದು ಬೇರೆ. ಅಜ್ಜ ಜಾಗದ ಧಣಿಯೋ, ಅದನ್ನು ಗೇಣಿಗೆ ಪಡೆದು ಕೃಷಿ ಮಾಡಿದ ಗೇಣಿದಾರರೋ? ಮೂಲಗೇಣಿ ಅಂದರೆ ತಲೆಮಾರಿನಿಂದ ತಲೆಮಾರಿಗೆ ಬರುವ ಗೇಣಿ, ಧಣಿ ಸುಮ್ನೆ ಬಿಡಿಸುವಂತಿರಲಿಲ್ಲ. ಚಾಲಗೇಣಿಗೆ ಆ ಭದ್ರತೆ ಇರಲಿಲ್ಲ, ವರ್ಷದಿಂದ ವರ್ಷಕ್ಕೆ ನಡೆಯುತ್ತಿತ್ತು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಜಾಗದ ಮೇಲಿನ ಧಣಿಗಳ ಹಕ್ಕು ಸರ್ಕಾರಕ್ಕೆ ಹೋಯಿತು. ಗೇಣಿದಾರರಿಗೆ ಲ್ಯಾಂಡ್ ಟ್ರಿಬ್ಯೂನಲ್ಲಿನಿಂದ ಕ್ರಯ ಸರ್ಟಿಫಿಕೇಟು, ಅಂದರೆ ಜಾಗ ಅವರದಾಯಿತು ಅನ್ನುವ ಪತ್ರ ಸಿಕ್ಕಿತು. ಕರ್ನಾಟಕದಲ್ಲಿ ಉಳುವವನಿಗೆ ಭೂಮಿ ಬಂದದ್ದು 1974ರ ಕಾನೂನಿನಿಂದ. ಪುತ್ತೂರು, ಸುಳ್ಯದ ನೆಂಟರು ಹೇಳುವ 'ಡಿಕ್ಲರೇಶನ್' (ಗೇಣಿ ಜಾಗ ತಮ್ಮದಾಗಿಸಲು ಅಲ್ಲಿನವರು ಕೊಟ್ಟ ಅರ್ಜಿ) ಕಥೆಗಳು ಇಲ್ಲಿಗೆ ಹೊಂದುವುದಿಲ್ಲ. ಅಜ್ಜ ಗೇಣಿಗೆ ಕೊಟ್ಟ ತೋಟವಾದರೆ ಅದು ಈಗ ಒಕ್ಕಲಿನವರ ಮೊಮ್ಮಕ್ಕಳದ್ದಾಗಿರುತ್ತದೆ. ಹಳೆ ದಸ್ತಾವೇಜು ಕೈಯಲ್ಲಿ ಹಿಡಿದು ಅವರ ಅಂಗಳಕ್ಕೆ ಇಳಿಯಬೇಡಿ. ಯಾರಿಗಾದರೂ ಗಾಬರಿಯಾಗುತ್ತದೆ, ಅಲ್ವಾ?

ಎಕರೆ ಲೆಕ್ಕ ತಾಳೆಯಾಗುವುದಿಲ್ಲ ಅಂತಲೂ ಬರೆದಿದ್ದೀರಿ. ಅಜ್ಜ ಕುಮ್ಕಿಯನ್ನೂ ಸೇರಿಸಿ ಹೇಳಿರಬಹುದು. ತೋಟದ ಸುತ್ತಲಿನ ಆ ಗುಡ್ಡೆಯಿಂದ ಸೊಪ್ಪು, ಸೌದೆ ತರುವ ಹಕ್ಕು ಕೃಷಿಕನಿಗಿತ್ತು, ಆದರೆ ನೆಲ ಸರ್ಕಾರದ್ದು. ನಮ್ಮಲ್ಲಿ ಯಾವ ಅಜ್ಜನೂ ಅದನ್ನು ಬೇರೆಯಾಗಿ ಲೆಕ್ಕ ಹಾಕಿದವರಲ್ಲ.

ಜಾಗ ಗುರುತಿಸಲು ಸರ್ವೆ ನಂಬರಿಗಿಂತ ಮನೆ ಹೆಸರು ಉಪಯೋಗಕ್ಕೆ ಬರುತ್ತದೆ. ಇಲ್ಲಿ ತೋಟವನ್ನು ಮನೆಯ ಹೆಸರಿನಿಂದಲೇ ಕರೆಯುವುದು. ಗದ್ದೆ ತಗ್ಗಿನ ಬೈಲಿನದ್ದೋ, ನಡುವಿನ ಮಜಲಿನದ್ದೋ, ಮಳೆ ನೀರನ್ನೇ ನಂಬಿದ ಎತ್ತರದ ಬೆಟ್ಟಿನದ್ದೋ? ಅಡಿಕೆಗೆ ನೀರು ತೋಡಿನ ಕಟ್ಟದಿಂದಲೋ (ಹಳ್ಳಕ್ಕೆ ಹಾಕುವ ಒಡ್ಡು), ಗುಡ್ಡ ಕೊರೆದ ಸುರಂಗದಿಂದಲೋ? ಇದನ್ನೆಲ್ಲ ನಿಮ್ಮ ದೊಡ್ಡಮ್ಮನನ್ನೋ, ಚಿಕ್ಕಪ್ಪನನ್ನೋ ಕೇಳಿ. ಸುರಂಗದಲ್ಲಿ ನೀರು ಇದೆಯೋ ಇಲ್ಲವೋ, ಅದು ಎಲ್ಲಿತ್ತು ಅಂತ ಊರಿನ ಹಿರಿಯರಿಗೆ ನೆನಪಿರುತ್ತದೆ.

ಮನೆ ಹೆಸರು ಗೊತ್ತಾದರೆ ಬರೆಯಿರಿ. ಗ್ರಾಮದ ಹೆಸರೂ ಜತೆಗಿರಲಿ, ಯಾಕೆಂದರೆ ಮೂಲೆ, ಕಜೆ, ಅಡ್ಕ ಅಂತ ಮುಗಿಯುವ ಮನೆಗಳು ಇಲ್ಲಿ ಗುಡ್ಡೆಗೊಂದು ಇವೆ.